ಕಿರುವಿಹಾರ: ಕೋಲಾರ ಚಿನ್ನದ ಗಣಿ ಹಾಗೂ ಬಂಗಾರಪೇಟೆ ಪ್ರದೇಶ

ಕೋಲಾರ ಜಿಲ್ಲೆಯ ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ಮತ್ತು ಬಂಗಾರಪೇಟೆಯ ಸುತ್ತಿನಲ್ಲಿ ಜನ ದುಡಿಮೆ, ಪ್ರಯಾಣ, ಸಂತೆ, ಹರಕೆಗಳ ನಡುವೆ ಬಿಡುವು ಮಾಡಿಕೊಂಡು ನಡೆಸುವ ಒಂದು ಹೊತ್ತಿನ ಸುತ್ತಾಟ, ಬೆಟ್ಟ ಹತ್ತುವುದು, ಕೆರೆಯಂಗಳದ ನಡಿಗೆ, ರೈಲಿನ ಚಿಕ್ಕ ಪಯಣ ಇವೆಲ್ಲ ಈ ಲೇಖನದ ವ್ಯಾಪ್ತಿಗೆ ಬರುತ್ತವೆ. ದೊಡ್ಡ ಪ್ರವಾಸಕ್ಕೆ ಬೇಕಾದ ರಜೆ, ಹಣ, ಸಿದ್ಧತೆ ಯಾವುದೂ ಇವಕ್ಕೆ ಬೇಕಿಲ್ಲ. ಬ್ರಿಟನ್ನಿನ ಸಾಹಸಯಾತ್ರಿ ಅಲಸ್ಟೇರ್ ಹಂಫ್ರೀಸ್ 2014ರಲ್ಲಿ ಪ್ರಕಟಿಸಿದ ‘ಮೈಕ್ರೋಅಡ್ವೆಂಚರ್ಸ್’ ಪುಸ್ತಕದಿಂದ ಈ ಬಗೆಯ ವಿಹಾರಕ್ಕೆ ಲೋಕದ ಗಮನ ದೊರಕಿತು. ಕಚೇರಿ ಮುಗಿಯುವ ಸಂಜೆ ಐದರಿಂದ ಮರುದಿನ ಬೆಳಗಿನ ಒಂಬತ್ತರವರೆಗಿನ ಹೊತ್ತೂ ಸಾಹಸಕ್ಕೆ ಸಾಕು ಎಂಬುದು ಅವರ ವಾದ. ಪಾಳಿ ಲೆಕ್ಕದಲ್ಲಿ ಬದುಕಿದ ಗಣಿಯೂರಿಗೆ ಇದು ಹೊಸ ವಿಚಾರವೇನಲ್ಲ.

ಹಿನ್ನೆಲೆ

ಮಾರಿಕುಪ್ಪಂ, ಊರಿಗಾಂ ಸುತ್ತಿನ ಜನ ಮಣ್ಣಿನಿಂದ ಚಿನ್ನ ತೆಗೆಯುತ್ತಿದ್ದುದನ್ನು ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ದಾಖಲಿಸಿದ. 1870ರ ದಶಕದಲ್ಲಿ ಮೈಕಲ್ ಲವೆಲ್ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಹಕ್ಕು ಪಡೆದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್ ಗಣಿಗಳು ಬೆಳೆದವು. ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯ ಮೇಲೆ 1902ರಲ್ಲಿ ಇಲ್ಲಿಗೆ ಬಂತು. ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡದ್ದು ಅದಾಗಿ ಮೂರು ವರ್ಷಕ್ಕೆ. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ, 1962ರಲ್ಲಿ ಕೇಂದ್ರದ ವಶಕ್ಕೆ ಹೋಗಿ, 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಹೆಸರಿನಲ್ಲಿ ನಡೆದು, 2001ರ ಫೆಬ್ರವರಿ 28ರಂದು ಮುಚ್ಚಿದವು.

ಕಂಪನಿಯ ಕಾಲದಲ್ಲಿ ಬಿಡುವಿನ ಹೊತ್ತು ಎರಡು ಪಾಲಾಗಿತ್ತು. ಐರೋಪ್ಯ ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಬಯಲು, ಟೆನಿಸ್ ಅಂಗಳ ಇದ್ದವು. ಊರಿಗೆ ‘ಪುಟ್ಟ ಇಂಗ್ಲೆಂಡ್’ ಎಂಬ ಹೆಸರು ಅಂಟಿದ್ದು ಇವುಗಳಿಂದಲೇ. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ನೆಲೆಸಿದ ಕಾರ್ಮಿಕರಿಗೆ ಉಳಿದದ್ದು ಬೀದಿ, ಬಯಲು, ಕೆರೆ, ಜಾತ್ರೆ. ಮೂರು ಪಾಳಿಗಳಲ್ಲಿ ಗಣಿ ನಡೆಯುತ್ತಿದ್ದುದರಿಂದ ಒಂದೇ ಮನೆಯ ಅಣ್ಣತಮ್ಮಂದಿರಿಗೂ ಬಿಡುವು ಒಂದೇ ಹೊತ್ತಿಗೆ ಸಿಗುತ್ತಿರಲಿಲ್ಲ. ರಾತ್ರಿಪಾಳಿ ಮುಗಿಸಿದವನಿಗೆ ಬೆಳಗ್ಗೆಯೇ ಸಂಜೆ. ಇಲ್ಲಿನ ವಿಹಾರ ಚಿಕ್ಕದಾಗಿ, ಮನೆಯ ಹತ್ತಿರವೇ, ಮೊದಲೇ ಗೊತ್ತುಮಾಡಿಕೊಳ್ಳದೆ ನಡೆಯುವ ರೂಢಿಗೆ ಪಾಳಿಯೇ ಮುಖ್ಯ ಕಾರಣವೆಂದು ತೋರುತ್ತದೆ.

ಮಾರಿಕುಪ್ಪಂ ಶಾಖಾಮಾರ್ಗ

ಈ ಪ್ರದೇಶದ ಕಿರುವಿಹಾರದಲ್ಲಿ ರೈಲಿಗೆ ಮೊದಲ ಸ್ಥಾನ ಕೊಡಬೇಕು. ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡಿಗೆ ಮದ್ರಾಸ್ ರೈಲ್ವೆಯ ದಾರಿ 1864ರಲ್ಲಿ ತೆರೆಯಿತು. ಆ ದಾರಿಯಲ್ಲಿ, ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದಲ್ಲಿ ಬೆಳೆದ ಪೇಟೆಯನ್ನು 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಿಂದ ಬೌರಿಂಗ್‌ಪೇಟೆ ಎಂದು ಕರೆದರು. ಇಂದಿನ ಬಂಗಾರಪೇಟೆ ಅದೇ. ಗಣಿಗಳು ಬೆಳೆದಂತೆ ಯಂತ್ರ, ಕಲ್ಲಿದ್ದಲು, ಮರಮುಟ್ಟುಗಳನ್ನು ಗಾಡಿಯಲ್ಲಿ ಎಳೆದು ಪೂರೈಸುವುದು ಅಸಾಧ್ಯವಾಯಿತು. ಮೈಸೂರು ಸಂಸ್ಥಾನ ಅಲ್ಲಿಂದ ಗಣಿಗಳಿಗೆ ಹತ್ತು ಮೈಲಿಯ ಶಾಖಾಮಾರ್ಗ ಹಾಕಿಸಿ 1894ರಲ್ಲಿ ತೆರೆಯಿತು. ಸರಕಿಗಾಗಿ ಹುಟ್ಟಿದ ಈ ಹಳಿ ಬಹುಬೇಗ ಜನರ ದಾರಿಯಾಯಿತು.

ಶಾಖೆಯ ನಿಲ್ದಾಣಗಳ ಹೆಸರು ಕೇಳಿದರೆ ಗಣಿಯ ಚರಿತ್ರೆಯೇ ಸಿಗುತ್ತದೆ: ಬೆಮೆಲ್ ನಗರ, ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಹೊರಗಿನವರು ಹುಡುಕಿಕೊಂಡು ಬರುವ ಕೆಜಿಎಫ್ ಎಂಬ ಹೆಸರಿನ ನಿಲ್ದಾಣ ಇಲ್ಲವೇ ಇಲ್ಲ. ಬಂಗಾರಪೇಟೆ ಬಿಟ್ಟ ಮೇಲೆ ಹೊಲ, ನೀಲಗಿರಿ ತೋಪುಗಳ ನಡುವೆ ಗಾಡಿ ಸಾಗುತ್ತದೆ. ಕೋರಮಂಡಲ್ ಹತ್ತಿರವಾಗುತ್ತಿದ್ದಂತೆ ಬೂದುಬಣ್ಣದ, ನೆತ್ತಿ ಸಪಾಟಾದ ದಿಬ್ಬಗಳು ಕಾಣತೊಡಗುತ್ತವೆ. ಆಚೆಗೆ ತುಕ್ಕು ಹಿಡಿದ ಶಾಫ್ಟ್ ಗೋಪುರಗಳು, ಹಳಿಗೆ ಒತ್ತಿಕೊಂಡಂತಿರುವ ಲೈನ್ ಮನೆಗಳ ಸಾಲು. ನಿಲ್ದಾಣಗಳ ನಡುವೆ ಅಂತರ ಎಷ್ಟು ಕಡಿಮೆ ಎಂದರೆ ಒಂದರಲ್ಲಿ ಇಳಿದು ಗಣಿ ಬೀದಿಗಳಲ್ಲಿ ಅಡ್ಡಾಡಿ ಮುಂದಿನದರಲ್ಲಿ ರೈಲು ಹತ್ತಬಹುದು. ಹಳಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದಕ್ಕೆ ರೈಲಿಲ್ಲದ್ದರಿಂದ ಬಂದ ಗಾಡಿಯೇ ತಿರುಗಿ ಹೊರಡುತ್ತದೆ. ಅದು ಹೊರಡುವವರೆಗಿನ ಬಿಡುವಿನಲ್ಲಿ ಚಹಾ ಕುಡಿದು ಒಂದು ಸುತ್ತು ಹಾಕಿಬರುವುದು ಬಹಳ ಜನರ ಅಭ್ಯಾಸ.

ಗಣಿ ಮುಚ್ಚಿದ ಮೇಲೆ ಈ ಮಾರ್ಗದ ಅರ್ಥವೇ ಬದಲಾಯಿತು. ಕೆಲಸ ಹುಡುಕಿ ಸಾವಿರಾರು ಮಂದಿ ದಿನವೂ ನಸುಕಿನಲ್ಲೇ ಬೆಂಗಳೂರಿಗೆ ಹೊರಡುತ್ತಾರೆ, ಕತ್ತಲಾದ ಮೇಲೆ ಮರಳುತ್ತಾರೆ. ಮಾರಿಕುಪ್ಪಂನಿಂದ ಹೊರಡುವ ‘ಸ್ವರ್ಣ’ ರೈಲಿನ ಹೆಸರು ಇಲ್ಲಿನ ಪ್ರತಿ ಮನೆಗೂ ಗೊತ್ತು. ಡಬ್ಬಿಗಳಲ್ಲಿ ಗುಂಪುಗಳಿಗೆ ಗೊತ್ತಾದ ಜಾಗಗಳಿವೆ. ಮಡಿಲ ಮೇಲೆ ಬ್ಯಾಗಿಟ್ಟು ಅದರ ಮೇಲೆ ಇಸ್ಪೀಟೆಲೆ ಹರಡುತ್ತಾರೆ, ಹುಟ್ಟುಹಬ್ಬಕ್ಕೆ ಸಿಹಿ ಹಂಚುತ್ತಾರೆ, ಆಯುಧಪೂಜೆಗೆ ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಾರೆ. ದಿನದ ಹಲವು ಗಂಟೆ ರೈಲಿನಲ್ಲೇ ಕಳೆಯುವವರಿಗೆ ಇದು ವಿನೋದವೂ ಹೌದು, ನೆರೆಹೊರೆಯೂ ಹೌದು.

ಮಾಸಿಕ ಪಾಸಿನ ನಿಯಮವೂ ಇಲ್ಲಿ ಗಮನಿಸತಕ್ಕದ್ದು. ಭಾರತೀಯ ರೈಲ್ವೆ 150 ಕಿ.ಮೀ. ಒಳಗಿನ ದೂರಕ್ಕೆ ಪಾಸು ಕೊಡುತ್ತದೆ. ಮಾರಿಕುಪ್ಪಂನಿಂದ ಬೆಂಗಳೂರಿನವರೆಗಿನ ಇಡೀ ದಾರಿ ಆ ಮಿತಿಯೊಳಗಿದೆ. ಪಾಸಿದ್ದವನು ನಡುವಿನ ಯಾವ ನಿಲ್ದಾಣದಲ್ಲಾದರೂ ಇಳಿಯಬಹುದು, ಬೇರೆ ಟಿಕೆಟ್ ಬೇಕಿಲ್ಲ. ಶನಿವಾರ ಕೆಲಸ ಬೇಗ ಮುಗಿದಾಗ ಟೇಕಲ್‌ನಲ್ಲಿ ಇಳಿದು, ಊರಿನ ಬೆನ್ನಿಗಿರುವ ಬಂಡೆಗುಡ್ಡಗಳ ನಡುವೆ ಸಂಜೆ ಕಳೆದು, ಮುಂದಿನ ಗಾಡಿಗೆ ಮನೆ ಸೇರುವುದು ಪಾಸುದಾರರಿಗೆ ಖರ್ಚಿಲ್ಲದ ವಿಹಾರ. ಬೆಂಗಳೂರಿನಿಂದ ಬರುವವರಿಗೂ ಅನುಕೂಲವಿದೆ: ಬೆಳಗಿನ ಹೊತ್ತು ನೂಕುನುಗ್ಗಲು ಬೆಂಗಳೂರಿನ ಕಡೆಗೆ, ಎದುರು ದಿಕ್ಕಿನಲ್ಲಿ ಕಿಟಕಿ ಪಕ್ಕದ ಸೀಟು ಸಾಮಾನ್ಯವಾಗಿ ಸಿಗುತ್ತದೆ.

ಬಂಗಾರಪೇಟೆಯಿಂದ ಕೋಲಾರಕ್ಕೆ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿ 1913ರಲ್ಲಿ ಬಂತು, ಮುಂದೆ ಚಿಕ್ಕಬಳ್ಳಾಪುರದವರೆಗೆ ಬೆಳೆಯಿತು. ಕೋಲಾರದವರೆಗಿನ ಭಾಗ ಬ್ರಾಡ್‌ಗೇಜ್ ಆದ ಮೇಲೆ ಅದರ ಮೇಲೆ ರೈಲ್‌ಬಸ್ ಓಡಿತು. ಬಸ್ಸಿನಂತೆಯೇ ಕಾಣುವ ಆ ಒಂಟಿ ಗಾಡಿಯನ್ನು ಹತ್ತಲೆಂದೇ ಮಕ್ಕಳನ್ನು ಕರೆತರುತ್ತಿದ್ದರು. ಕೋಲಾರ–ಚಿಕ್ಕಬಳ್ಳಾಪುರ ಭಾಗ ಬ್ರಾಡ್‌ಗೇಜ್ ಆಗಿ 2013ರಲ್ಲಿ ಮತ್ತೆ ತೆರೆಯಿತು.

ದಿಬ್ಬಗಳು, ಬಂಡೆಗಳು

ಊರವರು ಸಯನೈಡ್ ದಿಬ್ಬ ಎನ್ನುವ ಬೂದುಗುಡ್ಡಗಳು ನಿಸರ್ಗದ ಗುಡ್ಡಗಳಲ್ಲ. ಅದುರನ್ನು ಪುಡಿಮಾಡಿ, ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ನುಣುಪು ಮರಳನ್ನು ನೂರು ವರ್ಷಕ್ಕೂ ಮೀರಿ ಸುರಿದದ್ದರ ಫಲ ಇವು. 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಇದೆಯೆಂದು ಅಂದಾಜು. ಮಳೆನೀರು ಕೊರೆದ ಆಳವಾದ ಕೊರಕಲುಗಳು, ಗಿಡವಿಲ್ಲದ ಇಳಿಜಾರು, ಸಂಜೆಬಿಸಿಲಿಗೆ ಹೊಳೆಯುವ ಮೈ ಇವು ಚಿತ್ರತಂಡಗಳನ್ನು ಬಹಳ ಕಾಲದಿಂದ ಸೆಳೆದಿವೆ. 2018ರ ‘ಕೆಜಿಎಫ್’ ಚಿತ್ರದ ಚಿತ್ರೀಕರಣವೂ ಇಲ್ಲಿ ನಡೆದುದರಿಂದ ದಿಬ್ಬ ನೋಡಲು ಬರುವವರು ಹೆಚ್ಚಿದರು. ಈ ಮರಳಿನಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಯೋಜನೆಗೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಅದು ಜಾರಿಯಾದರೆ ಈ ನೋಟ ಮುಂದೆ ಹೀಗೆಯೇ ಉಳಿಯಲಾರದು.

ದಿಬ್ಬಕ್ಕಿಂತ ಹೆಚ್ಚಿನ ಮಹತ್ವ ಸಲ್ಲಬೇಕಾದದ್ದು ಪೆದ್ದಪಲ್ಲಿಯ ಬಂಡೆಗಳಿಗೆ. ಇಲ್ಲಿನ ಜ್ವಾಲಾಮುಖಿ ಶಿಲೆಗಳನ್ನೂ ದಿಂಬಿನಾಕಾರದ ಲಾವಾ ರಚನೆಗಳನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕುದಿಯುವ ಲಾವಾ ನೀರಿನೊಳಗೆ ಹರಿದಾಗ ಹೊರಮೈ ತಟ್ಟನೆ ತಣಿದು ಗಟ್ಟಿಯಾಗುತ್ತದೆ, ಒಳಗಿನದು ಅದನ್ನು ಒಡೆದು ಮುಂದೊತ್ತುತ್ತದೆ. ಹಾಗೆ ಒಂದರ ಮೇಲೊಂದು ಉರುಳಿಬಿದ್ದ ಉಂಡೆಗಳೇ ಈ ದಿಂಬುಗಳು. ಸುಮಾರು 270 ಕೋಟಿ ವರ್ಷಗಳ ಹಿಂದೆ ಇಲ್ಲಿ ನೀರಿತ್ತು ಎಂಬುದಕ್ಕೆ ಕೈಯಿಂದ ಮುಟ್ಟಬಹುದಾದ ಸಾಕ್ಷಿ ಇದು. ಚಿನ್ನವನ್ನು ಕೊಟ್ಟ, ಉತ್ತರ–ದಕ್ಷಿಣವಾಗಿ ಸುಮಾರು 80 ಕಿ.ಮೀ. ಹಬ್ಬಿದ ಕೋಲಾರ ಶಿಲಾಪಟ್ಟಿಯ ಭಾಗವೇ ಇದೂ ಆಗಿದೆ. ಶಾಲಾ ಮಕ್ಕಳನ್ನು ಅರ್ಧ ದಿನಕ್ಕೆ ಕರೆದೊಯ್ಯಲು ಈ ಪ್ರದೇಶದಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೂ ಅಲ್ಲಿಗೆ ಹೋಗುವವರು ಕಡಿಮೆ.

ಗಣಿಯೊಳಗೆ ಇಳಿಯುವ ಆಸೆ ಎಲ್ಲರಿಗೂ ಇದೆ. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿ.ಮೀ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್‌ಹ್ಯಾಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಇಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೋಗಳ ಸುಳಿವು ಪತ್ತೆಮಾಡಿದರು. ಈಗ ಸುರಂಗಗಳಲ್ಲಿ ನೀರು ತುಂಬಿದ್ದು ಸಾರ್ವಜನಿಕರಿಗೆ ಪ್ರವೇಶವಿಲ್ಲ.

ನೀರು, ಬೆಟ್ಟ, ದೇಗುಲ

ಪಾಲಾರ್ ನದಿಗೆ ಅಡ್ಡಲಾಗಿರುವ ಬೇತಮಂಗಲದ ಕೆರೆ ಗಣಿಯೂರಿಗೆ ಕುಡಿಯುವ ನೀರು ಕೊಟ್ಟ ಕೆರೆ. ಲೈನ್ ಮನೆಗಳ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಭಾನುವಾರ ಕಳೆಯುತ್ತಿದ್ದುದು ಇದರ ಏರಿಯ ಮೇಲೆ. ಮಳೆ ಚೆನ್ನಾಗಿ ಬಿದ್ದ ವರ್ಷ ಕೋಡಿ ನೋಡಲು ಇಂದಿಗೂ ಜನ ಸೇರುತ್ತಾರೆ. ಹೈದರಾಲಿ ಹುಟ್ಟಿದ ಊರೆಂದು ಹೇಳಲಾಗುವ ಬೂದಿಕೋಟೆಯ ಹತ್ತಿರ ಮಾರ್ಕಂಡೇಯ ಜಲಾಶಯವಿದೆ, ಅದೇ ನದಿಯ ಮೇಲೆ ಯರಗೋಳ್ ಅಣೆಕಟ್ಟೆಯೂ ಎದ್ದಿದೆ. ಈ ದಾರಿಯ ಕಾಮಸಮುದ್ರ ಕಾಡಂಚಿನಲ್ಲಿ ಆನೆಗಳ ಓಡಾಟವಿರುವುದರಿಂದ ಕತ್ತಲಿಗೆ ಮುನ್ನ ಮರಳಬೇಕು.

ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿಯ ಶಿವಲಿಂಗವೂ 35 ಅಡಿಯ ನಂದಿಯೂ ಇವೆ. ಗುಟ್ಟಹಳ್ಳಿಯ ಬಂಗಾರು ತಿರುಪತಿ, ಮುಳಬಾಗಿಲು ಸೀಮೆಯ ಆವಣಿ, ಕೋಲಾರದ ಅಂತರಗಂಗೆ ಮೂರೂ ಹರಕೆಯ ನೆಪದಲ್ಲಿ ಬೆಟ್ಟ ಹತ್ತಿಸುವ ಜಾಗಗಳು. ಇವುಗಳಲ್ಲಿ ಆವಣಿಯೇ ಮೇಲು: ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪು, ಮೇಲೆ ಸೀತೆಯ ಗುಡಿ, ನಡುವೆ ಬಂಡೆ ಹತ್ತುವ ಒಳ್ಳೆಯ ದಾರಿ.

ಬಂಗಾರಪೇಟೆಯ ಸಂಜೆ

ರೈಲು ಬದಲಿಸುವ ಊರಾದ್ದರಿಂದ ಕಾಯುವ ಹೊತ್ತೇ ಇಲ್ಲಿ ವಿಹಾರವಾಗಿದೆ. ಬಂಗಾರಪೇಟೆಯ ಪಾನಿಪುರಿಯ ಪಾನಿ ಹಸಿರೂ ಅಲ್ಲ, ಕಂದೂ ಅಲ್ಲ. ಬಟ್ಟಲಿನ ತಳ ಕಾಣುವಷ್ಟು ತಿಳಿ, ಆದರೆ ಬಾಯಿಗಿಟ್ಟೊಡನೆ ಮೂಗಿಗೇರುವ ಖಾರ. ಬೆಂಗಳೂರಿನ ಬಡಾವಣೆಗಳಲ್ಲಿ ‘ಬಂಗಾರಪೇಟೆ ಚಾಟ್ಸ್’ ಎಂಬ ಹಲಗೆ ತೂಗುಹಾಕಿದ ಅಂಗಡಿಗಳು ಈಗ ಬಹಳ. ಹೊಟ್ಟೆಗೂ ಹೊತ್ತಿಗೂ ಆಗುವ ಈ ನಿಲುಗಡೆಗೆಂದೇ ಒಂದು ಗಾಡಿ ಬಿಟ್ಟು ಮುಂದಿನದಕ್ಕೆ ಹೋಗುವವರಿದ್ದಾರೆ.

ಎಚ್ಚರಿಕೆ

ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ತಿಂಗಳುಗಳು ಸುತ್ತಾಟಕ್ಕೆ ಹಿತ. ಗಾಳಿ ಬೀಸುವ ದಿನಗಳಲ್ಲಿ ದಿಬ್ಬಗಳ ದೂಳು ಮನೆಗಳ ಪಾತ್ರೆಪಡಗದ ಮೇಲೂ ಕೂರುತ್ತದೆ. ಇದರಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೆಡುಕು, ಗಣಿಕಾರ್ಮಿಕರನ್ನು ಕಾಡಿದ ಸಿಲಿಕೋಸಿಸ್‌ಗೆ ಕಾರಣ ಇದೇ. ಕೊರಕಲುಗಳ ಅಂಚು ಕುಸಿಯುವಂಥದ್ದು. ಹಳೆಯ ಶಾಫ್ಟ್‌ಗಳ ಬಾಯಿ ಎಲ್ಲ ಕಡೆಯೂ ಭದ್ರವಾಗಿದೆ ಎಂದು ನಂಬುವಂತಿಲ್ಲ. ಬೇಲಿ ದಾಟಬೇಡಿ, ಮಕ್ಕಳನ್ನು ದಿಬ್ಬದ ಮೇಲೆ ಜಾರಲು ಬಿಡಬೇಡಿ. ಗೋಪುರಗಳನ್ನು ರಸ್ತೆಯಿಂದಲೇ ನೋಡಿ. ಲೈನ್‌ಗಳಲ್ಲಿ ಈಗಲೂ ಜನ ವಾಸವಿದ್ದಾರೆ, ಅವರ ಮನೆಬಾಗಿಲಿನ ಫೋಟೋ ತೆಗೆಯುವ ಮುನ್ನ ಅವರನ್ನು ಕೇಳಿ.