ಗಿಟಾರ್ ನುಡಿಸಿದ ರೇಡಿಯೋ

ಬ್ಯಾಡಗಿ, ಹಾವೇರಿ, ರಾಣೇಬೆನ್ನೂರು ಕಡೆಯ ಹಳೆಯ ಮನೆಯೊಂದರ ಅಟ್ಟ ಹತ್ತಿ ಹುಡುಕಿದರೆ ಧೂಳು ಮೆತ್ತಿದ ವಾಲ್ವ್ ರೇಡಿಯೋ ಇಂದಿಗೂ ಸಿಕ್ಕೀತು. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಈ ಸೀಮೆಯವರು ಕಿವಿಗೊಟ್ಟದ್ದು ಇಂಥ ಮರದ ಪೆಟ್ಟಿಗೆಗಳಿಗೆ. ಗುಂಡಿ ತಿರುಗಿಸಿ ಅರ್ಧ ನಿಮಿಷ ಕಾಯಬೇಕು. ಗಾಜಿನ ಬುರುಡೆಗಳು ಕೆಂಪಗಾದ ಮೇಲೆಯೇ ದನಿ. ಈಗ ನಿಮ್ಮ ವಿದ್ಯಾರ್ಥಿಯೊಬ್ಬ ವಿದ್ಯುತ್ ಗಿಟಾರ್ ಹಿಡಿದು ಬಂದು, “ಸರ್, ಅಜ್ಜನ ರೇಡಿಯೋಗೆ ಇದನ್ನು ಜೋಡಿಸಬಹುದೇ?” ಎಂದು ಕೇಳುತ್ತಾನೆ ಎಂದಿಟ್ಟುಕೊಳ್ಳಿ. ಏನು ಉತ್ತರಿಸುತ್ತೀರಿ?

ಹುಡುಗಾಟದ ಪ್ರಶ್ನೆ ಎಂದು ತಳ್ಳಿಹಾಕಬೇಡಿ. ವಿದ್ಯುತ್ ಗಿಟಾರ್ ಬೆಳೆದದ್ದೇ ರೇಡಿಯೋದ ಮನೆಯಲ್ಲಿ. 1931ರಲ್ಲಿ ಅಮೆರಿಕದ ಜಾರ್ಜ್ ಬೋಷಾಂಪ್ ಅಯಸ್ಕಾಂತ ಮತ್ತು ತಂತಿಸುರುಳಿಗಳ ಪಿಕಪ್ಪನ್ನು ಹವಾಯಿಯನ್ ಗಿಟಾರಿಗೆ ಅಳವಡಿಸಿದರು. ಬಾಣಲೆಯಂತೆ ಕಾಣುತ್ತಿದ್ದ ಆ ವಾದ್ಯವನ್ನು ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆಗೂಡಿ 1932ರಲ್ಲಿ ಮಾರಾಟಕ್ಕೆ ತಂದರು. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಪುಟ್ಟ ವೋಲ್ಟೇಜು ಹುಟ್ಟುತ್ತದೆ; ಫ್ಯಾರಡೆ ನಿಯಮ ಅಷ್ಟೆ. ಆದರೆ ಆ ವೋಲ್ಟೇಜನ್ನು ಹಿಗ್ಗಿಸುವವರು ಯಾರು? ಆ ಕಾಲಕ್ಕೆ ವರ್ಧಕವೆಂದರೆ ರೇಡಿಯೋದಲ್ಲಿ, ಚಿತ್ರಮಂದಿರದಲ್ಲಿ, ಸಭೆಗಳ ಧ್ವನಿವರ್ಧಕದಲ್ಲಿ ಇದ್ದದ್ದೇ. ಅದನ್ನೇ ಎರವಲು ಪಡೆಯಲಾಯಿತು.

ಮುಂದೆ ಗಿಟಾರ್ ಲೋಕದಲ್ಲಿ ದೊಡ್ಡ ಹೆಸರಾದ ಲಿಯೋ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯದ ಫುಲ್ಲರ್‌ಟನ್ನಿನಲ್ಲಿ ತೆರೆದದ್ದು ರೇಡಿಯೋ ರಿಪೇರಿ ಅಂಗಡಿ. ಸಭೆ ಸಮಾರಂಭಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುವುದೂ ಅವರ ಕಸುಬು. ನಮ್ಮ ಜಾತ್ರೆಗಳಿಗೆ ಮೈಕ್‌ಸೆಟ್ ಕೊಡುವವರ ಅಮೆರಿಕದ ಅಣ್ಣ ಎನ್ನಿ! ಅವರ ಪುಟ್ಟ ‘ಚಾಂಪ್’ ವರ್ಧಕದ ಒಳಗೆ ನೋಡಿದರೆ ರೇಡಿಯೋದ ಹಿಂದಿನ ಅರ್ಧವೇ ಇದೆ: ಮೊದಲಿಗೆ ಟ್ರಯೋಡ್, ಆಮೇಲೆ ಒಂದು ಶಕ್ತಿವಾಲ್ವ್, ಒಂದು ಟ್ರಾನ್ಸ್‌ಫಾರ್ಮರ್, ಒಂದು ಸ್ಪೀಕರ್. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯವರು ಫೆಂಡರರ ‘ಬಾಸ್‌ಮನ್’ ನೋಡಿ ತಮ್ಮದೊಂದನ್ನು ಮಾಡಿದರು. ಇಂಗ್ಲೆಂಡಿನಲ್ಲಿ ಸುಲಭವಾಗಿ ಸಿಗುವ ವಾಲ್ವ್‌ಗಳನ್ನು ಹಾಕಿದ್ದರಿಂದ ದನಿಯೂ ಬೇರೆಯಾಯಿತು.

ಆ ವಾಲ್ವ್‌ಗಳ ಪೈಕಿ ಒಂದರ ಹೆಸರು ಇಸಿಸಿ 83. ಇಲ್ಲಿ ಕಥೆ ನಮ್ಮ ಬೆಂಗಳೂರಿಗೆ ಬರುತ್ತದೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಸ್ಥಾಪನೆಯಾದದ್ದು 1954ರಲ್ಲಿ. 1961ರಲ್ಲಿ ಅದು ರೇಡಿಯೋ ವಾಲ್ವ್‌ಗಳನ್ನೂ 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳನ್ನೂ ತಯಾರಿಸತೊಡಗಿತು. ದೇಶದ ರೇಡಿಯೋಗಳಿಗಾಗಿ ಹುಟ್ಟಿದ ‘ಬಿಇಎಲ್’ ಮುದ್ರೆಯ ಇಸಿಸಿ 83, ಇಎಲ್ 84 ವಾಲ್ವ್‌ಗಳನ್ನು ಇಂದು ಗಿಟಾರ್ ವರ್ಧಕ ಕಟ್ಟುವ ವಿದೇಶಿ ಹವ್ಯಾಸಿಗಳು ಹುಡುಕಿ ಕೊಳ್ಳುತ್ತಾರೆ. ನಾವು ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕಿದ ಸೆಟ್ಟುಗಳಲ್ಲಿ ಇಂಥವು ಎಷ್ಟಿದ್ದವೋ.

ವಾಲ್ವಿನ ಹೆಸರನ್ನು ಓದಲು ಕಲಿಸಿ. ತರಗತಿಗೆ ಒಳ್ಳೆಯ ಪಾಠ. ಯೂರೋಪಿನ ಕ್ರಮದಲ್ಲಿ ಮೊದಲ ಅಕ್ಷರ ‘ಇ’ ಇದ್ದರೆ ಅದರ ಹೀಟರಿಗೆ 6.3 ವೋಲ್ಟ್ ಬೇಕು. ‘ಸಿಸಿ’ ಎಂದರೆ ಒಂದೇ ಗಾಜಿನೊಳಗೆ ಎರಡು ಟ್ರಯೋಡ್. ‘ಎಲ್’ ಎಂದರೆ ಶಕ್ತಿ ಕೊಡುವ ಪೆಂಟೋಡ್. ಮೊದಲ ಅಕ್ಷರ ‘ಯು’ ಇದ್ದರೆ? ಅದಕ್ಕೆ ಆಮೇಲೆ ಬರುತ್ತೇನೆ. ಜೀವದ ಪ್ರಶ್ನೆ ಅಲ್ಲಿದೆ.

ಹಳೆಯ ರೇಡಿಯೋದ ಬೆನ್ನಿಗೆ ಗ್ರಾಮಫೋನ್ ಜೋಡಿಸುವ ಎರಡು ತೂತುಗಳಿರುತ್ತವೆ. ಅಲ್ಲಿ ನಿರೀಕ್ಷಿಸುವುದು ಹರಳಿನ ಪಿಕಪ್ಪಿನ ಸಂಕೇತ, ಸುಮಾರು ಅರ್ಧ ವೋಲ್ಟು. ಗಿಟಾರ್ ಕೊಡುವುದು ಸಾಮಾನ್ಯವಾಗಿ 0.1ರಿಂದ 0.3 ವೋಲ್ಟು. ದನಿ ಬರುತ್ತದೆ, ಆದರೆ ಬಡವಾಗಿ. ನಡುವೆ ಇಸಿಸಿ 83ರ ಒಂದು ಟ್ರಯೋಡ್ ಇಟ್ಟರೆ ಸಂಕೇತ 50 ಪಟ್ಟು ಹಿಗ್ಗಿ, 0.1 ವೋಲ್ಟು 5 ವೋಲ್ಟಾಗುತ್ತದೆ. ಮುಂದಿನ ವಾಲ್ವ್‌ಗಳಿಗೆ ಅದು ಅತಿಯಾಯಿತು. ಅವು ಮಿತಿ ದಾಟುತ್ತವೆ, ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ, ಮೂಲದಲ್ಲಿ ಇರದ ಹಾರ್ಮೋನಿಕ್ ಸ್ವರಗಳು ಹುಟ್ಟುತ್ತವೆ.

ರೇಡಿಯೋ ಇಂಜಿನಿಯರಿಗೆ ಇದು ದೋಷ. ಗಿಟಾರ್ ವಾದಕನಿಗೆ ಇದೇ ಬೇಕು! 1961ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಧ್ವನಿಮುದ್ರಣವೊಂದರಲ್ಲಿ ಕೆಟ್ಟ ಮಿಕ್ಸರಿನಿಂದ ಗಿಟಾರ್ ಗೊಗ್ಗರಾಗಿ ಬಂತು. ಆ ದನಿ ಕೇಳುಗರಿಗೆ ಹಿಡಿಸಿತು. ಇಂಜಿನಿಯರ್ ಗ್ಲೆನ್ ಸ್ನಾಡಿ ಅದೇ ದೋಷವನ್ನು ಟ್ರಾನ್ಸಿಸ್ಟರುಗಳಿಂದ ಮರುಸೃಷ್ಟಿಸಿದರು. 1962ರಲ್ಲಿ ಅದು ‘ಫಜ್’ ಪೆಟ್ಟಿಗೆಯಾಗಿ ಮಾರುಕಟ್ಟೆಗೆ ಬಂತು. 1964ರಲ್ಲಿ ಇಂಗ್ಲೆಂಡಿನ ‘ಕಿಂಕ್ಸ್’ ತಂಡದ ಡೇವ್ ಡೇವಿಸ್ ತಮ್ಮ ಸಣ್ಣ ವರ್ಧಕದ ಸ್ಪೀಕರ್ ಕಾಗದವನ್ನೇ ಬ್ಲೇಡಿನಿಂದ ಸೀಳಿದರು.

ನಮ್ಮ ಕಿವಿಗೆ ಇದು ತೀರ ಪರಕೀಯವೇನಲ್ಲ. ತಂಬೂರಿಯ ಕುದುರೆಯ ಮೇಲೆ ಜೀವಾಳದ ದಾರ ಇಟ್ಟು ಜವಾರಿ ಹೊಂದಿಸುವುದೂ ಶುದ್ಧ ನಾದಕ್ಕೆ ಮೇಲಿನ ಹಾರ್ಮೋನಿಕ್‌ಗಳನ್ನು ಬೆರೆಸುವ ಉಪಾಯವೇ. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಹಾರ್ಮೋನಿಕ್ ನಿಶ್ಚಲವೋ ಅದು ಹುಟ್ಟಬಾರದು ಎಂಬ ನಿಯಮವನ್ನು ತಂಬೂರಿ, ವೀಣೆಗಳು ಮುರಿಯುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲಿ ಬರೆದರು. ವ್ಯತ್ಯಾಸ ಇಷ್ಟೆ: ತಂಬೂರಿಯಲ್ಲಿ ಪ್ರತಿ ತಂತಿ ತನ್ನಷ್ಟಕ್ಕೆ ಶ್ರೀಮಂತವಾಗುತ್ತದೆ, ವರ್ಧಕದಲ್ಲಿ ತಂತಿಗಳು ಒಂದರೊಡನೊಂದು ಬೆರೆಯುತ್ತವೆ. 110 ಮತ್ತು 165 ಹರ್ಟ್ಸ್‌ಗಳ ಷಡ್ಜ-ಪಂಚಮ ಕೂಡಿ ನುಡಿಸಿದರೆ ಅವುಗಳ ವ್ಯತ್ಯಾಸವಾದ 55 ಹರ್ಟ್ಸ್ ಹುಟ್ಟುತ್ತದೆ, ಒಂದು ಸ್ಥಾಯಿ ಕೆಳಗಿನ ಷಡ್ಜ. ರಾಕ್ ಸಂಗೀತದವರು ಎರಡೇ ಸ್ವರದಲ್ಲಿ ಅಷ್ಟು ಗುಡುಗುವುದು ಹೀಗೆ.

ಜಾತ್ರೆಯ ತುತ್ತೂರಿ ಸ್ಪೀಕರು ಇದಕ್ಕೆ ಒಗ್ಗದು. ಮಾತು ದೂರ ಸಾಗಲೆಂದು ಮಾಡಿದ ಅದು ಗಿಟಾರಿನ 82 ಹರ್ಟ್ಸ್‌ನ ಕೆಳತಂತಿಯನ್ನು ನುಡಿಸಲಾರದು. ಹಳೆಯ ಮೈಕ್‌ಸೆಟ್ಟಿನ 100 ವೋಲ್ಟ್ ತುದಿಗೆ 8 ಓಮ್ ಸ್ಪೀಕರನ್ನು ನೇರ ಸಿಕ್ಕಿಸುವುದೂ ತಪ್ಪು: 30 ವ್ಯಾಟ್ ವರ್ಧಕಕ್ಕೆ ಆ ತುದಿಯಲ್ಲಿ ಬೇಕಾದದ್ದು 100ರ ವರ್ಗವನ್ನು 30ರಿಂದ ಭಾಗಿಸಿದಷ್ಟು, ಅಂದರೆ 333 ಓಮ್.

ಈಗ ‘ಯು’ ಅಕ್ಷರಕ್ಕೆ ಬರೋಣ. ಕೆಲವು ಊರುಗಳಲ್ಲಿ ಏಕಮುಖ ವಿದ್ಯುತ್ ಇದ್ದ ಕಾಲದಲ್ಲಿ ಎರಡೂ ಬಗೆಯ ವಿದ್ಯುತ್ತಿಗೆ ನಡೆಯುವ, ಮುಖ್ಯ ಟ್ರಾನ್ಸ್‌ಫಾರ್ಮರೇ ಇಲ್ಲದ ಅಗ್ಗದ ಸೆಟ್ಟುಗಳು ಬಂದವು. ಯುಎಲ್ 84ಕ್ಕೆ 45 ವೋಲ್ಟ್, ಯುವೈ 85ಕ್ಕೆ 38 ವೋಲ್ಟ್, ಹೀಗೆ ಹೀಟರುಗಳನ್ನು ಸರಣಿಯಲ್ಲಿ ಪೋಣಿಸಿ, ಉಳಿದ ವೋಲ್ಟನ್ನು ರೋಧಕದಲ್ಲಿ ಸುಡುತ್ತಿದ್ದರು. ಈ ಸೆಟ್ಟಿನ ಲೋಹದ ಚೌಕಟ್ಟು ಗೋಡೆಯ ವಿದ್ಯುತ್ತಿನ ಒಂದು ತಂತಿಗೆ ನೇರ ಸೇರಿರುತ್ತದೆ. ಎರಡು ಮುಳ್ಳಿನ ಪ್ಲಗ್ಗನ್ನು ತಿರುಗಿಸಿ ಸಿಕ್ಕಿಸಿದರೆ ಚೌಕಟ್ಟಿಗೇ 230 ವೋಲ್ಟ್. ರೇಡಿಯೋ ಕೇಳುವವರನ್ನು ಮರದ ಪೆಟ್ಟಿಗೆ, ಬೇಕಲೈಟ್ ಗುಂಡಿಗಳು ಕಾದವು. ಗಿಟಾರ್ ಆ ಕಾವಲನ್ನು ಮುರಿಯುತ್ತದೆ: ಅದರ ಉಕ್ಕಿನ ತಂತಿಗಳು ಕೇಬಲ್ಲಿನ ಹೊರಕವಚದ ಮೂಲಕ ಚೌಕಟ್ಟಿಗೇ ಸೇರಿರುತ್ತವೆ, ಹುಡುಗನ ಬೆರಳು ತಂತಿಯ ಮೇಲಿರುತ್ತದೆ. ‘ಯು’ ವಾಲ್ವಿನ ಸೆಟ್ಟಿಗೆ ಗಿಟಾರ್ ಜೋಡಿಸಲು ಬಿಡಲೇಬೇಡಿ. ‘ಇ’ ಇದ್ದ ಮಾತ್ರಕ್ಕೆ ಸುರಕ್ಷಿತವೆಂದೂ ಅಲ್ಲ. ಟ್ರಾನ್ಸ್‌ಫಾರ್ಮರ್ ಗೋಡೆಯ ವಿದ್ಯುತ್ತಿನಿಂದ ಪೂರ್ತಿ ಪ್ರತ್ಯೇಕಿಸುತ್ತದೆಯೇ, ಚೌಕಟ್ಟಿಗೆ ಭೂಸಂಪರ್ಕ ಇದೆಯೇ ಎಂದು ಬಲ್ಲವರು ಅಳೆದು ನೋಡಬೇಕು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ 300 ವೋಲ್ಟ್ ಕುಳಿತಿರಬಹುದು.

ಹಾಗಾದರೆ ವಿದ್ಯಾರ್ಥಿ ಆರಂಭಿಸುವುದು ಎಲ್ಲಿಂದ? ಬ್ಯಾಟರಿ ರೇಡಿಯೋದಿಂದ. 1972ರ ಸುಮಾರಿಗೆ ಲಂಡನ್ನಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದ ಜಾನ್ ಡೀಕನ್‌ಗೆ ಕಸದ ತೊಟ್ಟಿಯಲ್ಲಿ ಒಂದು ಸರ್ಕಿಟ್ ಹಲಗೆ ಸಿಕ್ಕಿತು. ‘ಕ್ವೀನ್’ ತಂಡದ ಬಾಸ್ ವಾದಕ ಅವರು. ಹಲಗೆಯನ್ನು ಹಳೆಯ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿ 9 ವೋಲ್ಟ್ ಬ್ಯಾಟರಿ ಕೊಟ್ಟರು. ಒಂದೆರಡು ವ್ಯಾಟ್ ಕೂಡ ಇಲ್ಲದ ಆ ಪೆಟ್ಟಿಗೆಯಲ್ಲಿ ಗೆಳೆಯ ಬ್ರಯಾನ್ ಮೇ, ಮುಂದೆ ಖಗೋಳ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು, 1975ರ ಧ್ವನಿಮುದ್ರಿಕೆಯೊಂದಕ್ಕೆ ಇಡೀ ಜಾಜ್ ವಾದ್ಯವೃಂದದ ದನಿಯನ್ನು ಗಿಟಾರಿನಿಂದಲೇ ಹೊರಡಿಸಿದರು. ಹಲಗೆ ಯಾವ ಯಂತ್ರದ್ದೆಂದು ಸುಮಾರು ನಾಲ್ಕು ದಶಕ ಯಾರಿಗೂ ತಿಳಿಯಲಿಲ್ಲ. ಆಫ್ರಿಕಾದ ದಕ್ಷಿಣ ಭಾಗದಲ್ಲಿ ತಯಾರಾದ ‘ಸೂಪರ್‌ಸಾನಿಕ್ ಪಿಆರ್ 80’ ಎಂಬ ಒಯ್ಯುವ ರೇಡಿಯೋದ್ದೆಂದು 2013ರಲ್ಲಿ ಬಯಲಾಯಿತು. ಹಲಗೆಯ ಕೊನೆಯಲ್ಲಿ ಇದ್ದದ್ದು ಎಸಿ 128 ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರ್ ಜೋಡಿ. ಅದೇ ಹೆಸರಿನವು ‘ಬಿಇಎಲ್’ ಮುದ್ರೆ ಹೊತ್ತು ನಮ್ಮ ಟ್ರಾನ್ಸಿಸ್ಟರ್ ರೇಡಿಯೋಗಳಲ್ಲೂ ಕುಳಿತಿದ್ದವು. ಅಜ್ಜನ ಕಾಲದ ಬ್ಯಾಟರಿ ಸೆಟ್ಟೊಂದು ಕೈಗೆ ಸಿಕ್ಕರೆ ಬೆನ್ನಿನ ಮುಚ್ಚಳ ತೆಗೆದು ನೋಡಿ. ಒಳಗೆ ಅಂಟಿಸಿದ ಮಾದರಿಯ ಹೆಸರು, ಸರ್ಕಿಟ್ ಚಿತ್ರ ಉಳಿದಿದ್ದರೆ ಬಿಚ್ಚುವ ಮೊದಲು ಬರೆದಿಟ್ಟುಕೊಳ್ಳಿ.