ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಅಭ್ಯಾಸಗ್ರಂಥಗಳು: ಕನ್ನಡ ಕಲಿಕಾರ್ಥಿಯ ಆಯ್ಕೆಯ ನೆಲೆಗಳು
ಜೆಎಲ್‌ಪಿಟಿ ಎಂಬ ಕಿರುಹೆಸರಿನಲ್ಲಿ ಬಳಕೆಯಲ್ಲಿರುವ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯು 1984ರಲ್ಲಿ ಆರಂಭವಾದಾಗ ನಾಲ್ಕು ಹಂತಗಳನ್ನು ಹೊಂದಿತ್ತು. 2010ರ ಪರಿಷ್ಕರಣೆಯಲ್ಲಿ, ಹಳೆಯ ಎರಡನೆಯ ಮತ್ತು ಮೂರನೆಯ ಹಂತಗಳ ನಡುವಣ ದೊಡ್ಡ ಅಂತರವನ್ನು ತುಂಬಲು ಎನ್3 ಎಂಬ ಹೊಸ ಹಂತ ಸೇರಿ, ಆರಂಭಿಕರ ಎನ್5ರಿಂದ ಪ್ರೌಢ ಎನ್1ರವರೆಗೆ ಒಟ್ಟು ಐದಾದವು. ಆದರೆ ಅಭ್ಯಾಸಗ್ರಂಥಗಳ ಆಯ್ಕೆಯ ದೃಷ್ಟಿಯಿಂದ ನೋಡಿದರೆ ಹಂತಗಳ ಸಂಖ್ಯೆಗಿಂತ ಗುರುತರವಾದ ಬದಲಾವಣೆ ಅದೇ ಪರಿಷ್ಕರಣೆಯಲ್ಲಿ ಇನ್ನೊಂದಾಯಿತು. ಅಲ್ಲಿಯವರೆಗೆ ಪರೀಕ್ಷೆಯ ಆಯೋಜಕರು ಪ್ರತಿ ಹಂತಕ್ಕೂ ಬೇಕಾದ ಪದಗಳು, ವ್ಯಾಕರಣ ರೂಪಗಳು ಮತ್ತು ಕಾಂಜಿಗಳ, ಅಂದರೆ ಚೀನೀ ಮೂಲದ ಬರಹಚಿಹ್ನೆಗಳ, ಸೂಚಿಯನ್ನು ಪುಸ್ತಕರೂಪದಲ್ಲಿ ಪ್ರಕಟಿಸುತ್ತಿದ್ದರು. ಹಳೆಯ ಎರಡನೆಯ ಹಂತಕ್ಕೆ ಸುಮಾರು 1000 ಕಾಂಜಿ ಮತ್ತು 6000 ಪದ, ಮೊದಲನೆಯದಕ್ಕೆ ಸುಮಾರು 2000 ಕಾಂಜಿ ಮತ್ತು 10,000 ಪದ ಎಂಬ ಅಳತೆ ಅಲ್ಲಿಂದ ಬಂದದ್ದು. ಭಾಷೆಯನ್ನು ಬಳಸಲು ಕಲಿಯುವುದೇ ಗುರಿಯಾಗಿರುವಾಗ ಪದಗಳ ಪಟ್ಟಿಯನ್ನು ಪ್ರಕಟಿಸುವುದು ಉಚಿತವಲ್ಲವೆಂಬ ಕಾರಣ ಕೊಟ್ಟು 2010ರ ನಂತರ ಅಂಥ ಸೂಚಿಯನ್ನು ನಿಲ್ಲಿಸಲಾಯಿತು. ಹೀಗಾಗಿ ಇಂದು ಅಂಗಡಿಯಲ್ಲಿ ಸಿಗುವ ಯಾವ ಪುಸ್ತಕದ ಮೇಲೆ 'ಎನ್2ರ ಪದಗಳು' ಎಂದು ಅಚ್ಚಾಗಿದ್ದರೂ ಅದು ಹಳೆಯ ಸೂಚಿಯನ್ನೂ ಹಿಂದಿನ ಪ್ರಶ್ನೆಗಳನ್ನೂ ಆಧರಿಸಿ ಪ್ರಕಾಶಕರು ಮಾಡಿಕೊಂಡ ಊಹೆ, ಬಹುಮಟ್ಟಿಗೆ ಒಳ್ಳೆಯ ಊಹೆಯೇ, ಆದರೂ ಊಹೆ. ಒಂದೇ ಹಂತದ ಎರಡು ಪುಸ್ತಕಗಳ ಪಟ್ಟಿಗಳು ಒಂದಕ್ಕೊಂದು ತಾಳೆಯಾಗದಿರುವುದನ್ನು ಕಂಡು ಗಾಬರಿಯಾಗುವ ಕಲಿಕಾರ್ಥಿಗೆ ಈ ಹಿನ್ನೆಲೆ ತಿಳಿದಿರಬೇಕು.

ಪರೀಕ್ಷೆಯ ರಚನೆಯೂ ಆಯ್ಕೆಯನ್ನು ನಿರ್ಧರಿಸುತ್ತದೆ. ಮಾತನಾಡುವ ಮತ್ತು ಬರೆಯುವ ಸಾಮರ್ಥ್ಯಗಳನ್ನು ಇದು ಅಳೆಯುವುದಿಲ್ಲ. ಎಲ್ಲ ಪ್ರಶ್ನೆಗಳೂ ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವಂಥವು. ಎನ್1ರಿಂದ ಎನ್3ರವರೆಗೆ ಭಾಷಾಜ್ಞಾನ, ಓದು, ಆಲಿಸುವಿಕೆ ಎಂಬ ಮೂರು ವಿಭಾಗಗಳಿಗೆ ತಲಾ 60ರಂತೆ 180 ಅಂಕಗಳಿದ್ದು, ಎನ್2ರಲ್ಲಿ ಉತ್ತೀರ್ಣರಾಗಲು ಒಟ್ಟು 90 ಸಾಕಾದರೂ ಪ್ರತಿ ವಿಭಾಗದಲ್ಲಿಯೂ ಕನಿಷ್ಠ 19 ಬರಲೇಬೇಕು. ಭಾಷಾಜ್ಞಾನದಲ್ಲಿ 45, ಓದಿನಲ್ಲಿ 45 ಪಡೆದವರು ಆಲಿಸುವಿಕೆಯಲ್ಲಿ 18ಕ್ಕೆ ನಿಂತರೆ ಒಟ್ಟು 108 ಆಗಿಯೂ ಅನುತ್ತೀರ್ಣರಾಗುತ್ತಾರೆ. ವ್ಯಾಕರಣದ ದಪ್ಪ ಪುಸ್ತಕವೊಂದನ್ನು ಕರಗತ ಮಾಡಿಕೊಂಡು ಧ್ವನಿಮುದ್ರಿಕೆಗಳಿರುವ ಪುಸ್ತಕವನ್ನು ಕೊನೆಯ ತಿಂಗಳಿಗೆ ಮುಂದೂಡುವ ಅಭ್ಯಾಸದ ಅಪಾಯ ಇಲ್ಲಿದೆ.

ಲಭ್ಯ ಗ್ರಂಥಗಳಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿ ನೋಡಬೇಕು. 'ಮಿನ್ನಾ ನೋ ನಿಹೊಂಗೊ', 'ಗೆಂಕಿ' ಮೊದಲಾದವು ಪಠ್ಯಪುಸ್ತಕಗಳು. ಭಾಷೆಯನ್ನು ಕ್ರಮವಾಗಿ ಕಲಿಸುವುದು ಅವುಗಳ ಉದ್ದೇಶವೇ ಹೊರತು ಪರೀಕ್ಷೆಯಲ್ಲ. 'ಮಿನ್ನಾ ನೋ ನಿಹೊಂಗೊ'ದ ಆರಂಭಿಕ ಎರಡು ಭಾಗಗಳ 50 ಪಾಠಗಳು ಮುಗಿದಾಗ ಕಲಿಕಾರ್ಥಿ ಹೆಚ್ಚುಕಡಿಮೆ ಎನ್4ರ ಮಟ್ಟಕ್ಕೆ ಬಂದಿರುತ್ತಾನೆ. ಅದರ ಮುಖ್ಯ ಪುಸ್ತಕ ಪೂರ್ಣ ಜಪಾನಿಯಲ್ಲಿದ್ದು, ಅನುವಾದ ಹಾಗೂ ವ್ಯಾಕರಣ ಟಿಪ್ಪಣಿಗಳಿಗೆ ಪ್ರತ್ಯೇಕ ಸಂಪುಟವಿರುವುದರಿಂದ ತರಗತಿಗೆ ಅದು ಒಪ್ಪುತ್ತದೆ, ಏಕಾಂಗಿ ಅಭ್ಯಾಸಕ್ಕೆ ವಿವರಣೆಗಳು ಪಾಠದೊಳಗೇ ಇರುವ 'ಗೆಂಕಿ' ಹೆಚ್ಚು ಅನುಕೂಲ. ಎರಡನೆಯ ಬಗೆ ಪರೀಕ್ಷಾ ಪುಸ್ತಕಗಳದು. 'ಸೋಮಾತೊಮೆ' ಮಾಲೆಯು ವಿಷಯವನ್ನು ವಾರ ಮತ್ತು ದಿನಗಳಿಗೆ ಹಂಚಿ, ದಿನಕ್ಕೆರಡು ಪುಟಗಳಂತೆ ಹಗುರವಾಗಿ ಸಾಗುತ್ತದೆ. 'ಶಿನ್ ಕಾನ್ಜೆನ್ ಮಾಸ್ಟರ್' ಮಾಲೆಯು ಸಮೀಪಾರ್ಥದ ರೂಪಗಳ ನಡುವಣ ವ್ಯತ್ಯಾಸವನ್ನೂ ಅವು ಎಂಥ ಕ್ರಿಯಾಪದದೊಡನೆ ಕೂಡುತ್ತವೆ ಎಂಬ ನಿರ್ಬಂಧವನ್ನೂ ವಿಸ್ತರಿಸಿ ಹೇಳುತ್ತದೆ. 'ಸೋಮಾತೊಮೆ' ಪುನರಾವರ್ತನೆಗೆ ತಕ್ಕದ್ದು. ಅದನ್ನೇ ಏಕೈಕ ಆಧಾರವಾಗಿಟ್ಟುಕೊಂಡು ಎನ್2 ಬರೆಯಹೊರಡುವುದು ಸಾಹಸವೇ ಸರಿ.

ಈ ಪುಸ್ತಕಗಳು ಯಾವ ಓದುಗರನ್ನು ಎದುರಿಗಿಟ್ಟುಕೊಂಡು ರಚಿತವಾಗಿವೆ ಎಂಬ ಪ್ರಶ್ನೆ ಕನ್ನಡಿಗರ ಮಟ್ಟಿಗೆ ನಿರ್ಣಾಯಕವಾದುದು. ಬೆಂಗಳೂರು ಈ ಪರೀಕ್ಷೆಯ ಭಾರತೀಯ ಕೇಂದ್ರಗಳಲ್ಲೊಂದು. ಆದರೂ ಇಲ್ಲಿಯ ಅಭ್ಯರ್ಥಿಗಳು ಸಾಮಾನ್ಯವಾಗಿ ಇಂಗ್ಲಿಷ್ ವಿವರಣೆಯ ಪುಸ್ತಕಗಳನ್ನೇ ಅವಲಂಬಿಸುತ್ತಾರೆ. ಕರ್ತೃ, ಕರ್ಮ, ಕ್ರಿಯೆ ಎಂಬ ವಾಕ್ಯಕ್ರಮ, ನಾಮಪದದ ನಂತರ ಬರುವ ವಿಭಕ್ತಿಸೂಚಕಗಳು, ನಾಮಪದಕ್ಕೆ ಮೊದಲೇ ನಿಲ್ಲುವ ವಿಶೇಷಣ ವಾಕ್ಯ, ಇವೆಲ್ಲ ಇಂಗ್ಲಿಷ್ ಓದುಗನಿಗೆ ಅಪರಿಚಿತವಾದ್ದರಿಂದ ಪುಟಗಟ್ಟಲೆ ವಿವರಣೆ ಬೇಡುತ್ತವೆ. ಕನ್ನಡ ಬಲ್ಲವನಿಗೆ ಅವು ಮನೆಯ ಜಾಯಮಾನ. 'ಕಿನೋ ಕತ್ತಾ ಹೊನ್' ಎಂಬುದು ಪದಕ್ಕೆ ಪದ 'ನಿನ್ನೆ ಕೊಂಡ ಪುಸ್ತಕ'. ಎನ್4ರ ಹಂತದ ಪುಸ್ತಕಗಳು ಬಿಡಿಬಿಡಿಯಾಗಿ ಕಲಿಸುವ ಸಹಾಯಕ ಕ್ರಿಯಾಪದಗಳಲ್ಲಿ 'ತಬೆತೆ ಮಿರು' ಎಂಬುದು 'ತಿಂದು ನೋಡು', 'ತಬೆತೆ ಶಿಮಾವು' ಎಂಬುದು ಬಹುಪಾಲು 'ತಿಂದುಬಿಡು', 'ಕಾಯ್ತೆ ಒಕು' ಎಂಬುದು 'ಬರೆದಿಡು'. ಇಂಥ ಹೋಲಿಕೆ ಎರಡು ಭಾಷೆಗಳಿಗೆ ವಂಶಸಂಬಂಧವಿದೆಯೆಂದು ಸಾಧಿಸುವುದಿಲ್ಲ, ಸಾಧಿಸಬೇಕಾಗಿಯೂ ಇಲ್ಲ. ಕನ್ನಡದ ರಚನೆಯನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿ ಅಲ್ಲಿಂದ ಜಪಾನಿಗೆ ಹೋಗುವ ಸುತ್ತುದಾರಿ ಅನಗತ್ಯ ಎಂಬುದಕ್ಕಷ್ಟೇ ಅದು ಆಧಾರ. ಆದ್ದರಿಂದ ಆರಂಭಿಕ ಹಂತದಲ್ಲಿ ವಿವರಣೆ ಕಡಿಮೆಯಾಗಿ ಉದಾಹರಣೆ ಹೆಚ್ಚಾಗಿರುವ ಪುಸ್ತಕ ಕನ್ನಡಿಗರಿಗೆ ಲಾಭದಾಯಕ. ಈ ಸಾಮೀಪ್ಯಕ್ಕೆ ಮಿತಿಗಳೂ ಇವೆ. ಕನ್ನಡದ ಒಂದೇ 'ಕೊಡು' ಎದುರಿಗೆ ಜಪಾನಿಯು ಕೊಡುವವರು ಯಾರು, ಪಡೆಯುವವರು ಯಾರು ಎಂಬುದನ್ನು ನೋಡಿ 'ಅಗೆರು', 'ಕುರೆರು' ಎಂಬ ಬೇರೆ ಕ್ರಿಯೆಗಳನ್ನು ನಿಲ್ಲಿಸುತ್ತದೆ. 'ವ' ಮತ್ತು 'ಗ' ಪ್ರತ್ಯಯಗಳ ವ್ಯತ್ಯಾಸವೂ ಗೌರವಸೂಚಕ ಕ್ರಿಯಾರೂಪಗಳ ಶ್ರೇಣಿಯೂ ಕನ್ನಡದ ಅರಿವಿನಿಂದ ತಾವಾಗಿ ಬರುವುದಿಲ್ಲ. ಇಲ್ಲಿ ಮಕಿನೊ ಮತ್ತು ತ್ಸುತ್ಸುಯಿ ಅವರು 1986ರಲ್ಲಿ ಹೊರತಂದ ಆರಂಭಿಕ ವ್ಯಾಕರಣ ಕೋಶದಂಥ ವಿಸ್ತಾರವಾದ ಆಕರವೇ ಬೇಕಾಗುತ್ತದೆ.

ಕಾಂಜಿಯ ವಿಷಯದಲ್ಲಿ ಪರಿಸ್ಥಿತಿ ತಿರುವುಮುರುವಾಗುತ್ತದೆ. ಚೀನೀ ಓದುಗನಿಗೆ ಪುಟದ ಮೇಲಿನ ಅಕ್ಷರಗಳ ಅರ್ಥ ಬಹುಪಾಲು ಮೊದಲೇ ಗೊತ್ತಿರುತ್ತದೆ. ಕನ್ನಡಿಗನು ಅಕ್ಷರದ ಆಕಾರ, ಅರ್ಥ, ಓದು ಮೂರನ್ನೂ ಹೊಸದಾಗಿ ಕಲಿಯಬೇಕು. ಒಂದೇ ಅಕ್ಷರಕ್ಕೆ ಚೀನೀ ಮೂಲದ 'ಒನ್' ಓದು, ಜಪಾನಿನ ದೇಶ್ಯ 'ಕುನ್' ಓದು ಎಂಬ ಎರಡು ಬಗೆಗಳಿದ್ದು, ಹುಟ್ಟು, ಬದುಕು ಎಂಬರ್ಥದ ಅಕ್ಷರವು 'ಗಕುಸೇ'ಯಲ್ಲಿ 'ಸೇ', 'ಇಶ್ಶೋ'ದಲ್ಲಿ 'ಶೋ', 'ಉಮರೆರು'ವಿನಲ್ಲಿ 'ಉ', 'ಇಕಿರು'ವಿನಲ್ಲಿ 'ಇ' ಎಂದಾಗುತ್ತದೆ. ಅಕ್ಷರಗಳನ್ನು ಪಟ್ಟಿಯಾಗಿ ಕೊಟ್ಟು ಎಲ್ಲ ಓದುಗಳನ್ನೂ ಒಟ್ಟಿಗೆ ಪೇರಿಸುವ ಪುಸ್ತಕಕ್ಕಿಂತ, ಅಕ್ಷರವನ್ನು ಪದದೊಳಗೆ, ಪದವನ್ನು ವಾಕ್ಯದೊಳಗೆ ಇಟ್ಟು ತೋರಿಸುವ ಪುಸ್ತಕ ಈ ಕಾರಣಕ್ಕೆ ಮೇಲು. ಕಾಂಜಿಯ ನೆತ್ತಿಯ ಮೇಲೆ ಸಣ್ಣ ಕಾನಾ ಲಿಪಿಯಲ್ಲಿ ಉಚ್ಚಾರ ಬರೆಯುವ 'ಫುರಿಗಾನಾ' ಪದ್ಧತಿ ಆರಂಭದಲ್ಲಿ ಆಸರೆ. ಪರೀಕ್ಷೆಯ ಮೇಲಿನ ಹಂತಗಳ ಓದಿನ ಭಾಗದಲ್ಲಿ ಆ ಆಸರೆ ಬಹುಮಟ್ಟಿಗೆ ಇರುವುದಿಲ್ಲವಾದ್ದರಿಂದ, ಎನ್3ರ ನಂತರವೂ ಪ್ರತಿ ಪದಕ್ಕೆ ಅದನ್ನು ಹಚ್ಚಿರುವ ಪುಸ್ತಕವು ಕಣ್ಣನ್ನು ಕಾನಾದ ಮೇಲೆಯೇ ನಿಲ್ಲಿಸಿಬಿಡುತ್ತದೆ. ವ್ಯಾಕರಣದಲ್ಲಿ ಉಳಿಯುವ ಸಮಯವನ್ನು ಕನ್ನಡ ಕಲಿಕಾರ್ಥಿಯು ಸಲ್ಲಿಸಬೇಕಾದದ್ದು ಇಲ್ಲಿಗೆ, ಎಂದರೆ ಕಾಂಜಿ, ಪದಸಂಪತ್ತು ಮತ್ತು ಓದಿನ ಸಂಪುಟಗಳಿಗೆ. ಮಾರುಕಟ್ಟೆಯಲ್ಲಿ ವ್ಯಾಕರಣದ ಪುಸ್ತಕಗಳು ಮೊದಲು ಕಣ್ಣಿಗೆ ಬೀಳುವುದರಿಂದ ಖರೀದಿ ಮಾತ್ರ ಅನೇಕ ವೇಳೆ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ.

ಮಾದರಿ ಪ್ರಶ್ನೆಪತ್ರಿಕೆಗಳಲ್ಲಿ ಆಯೋಜಕರೇ 2012 ಮತ್ತು 2018ರಲ್ಲಿ ಹಂತವಾರು ಪ್ರಕಟಿಸಿದ ಅಧಿಕೃತ ಸಂಗ್ರಹಗಳಿಗೆ ವಿಶೇಷ ಸ್ಥಾನವಿದೆ, ಏಕೆಂದರೆ ಅವುಗಳಲ್ಲಿರುವುದು ನಿಜವಾಗಿ ಕೇಳಲಾದ ಪ್ರಶ್ನೆಗಳು. ಧ್ವನಿಮುದ್ರಣ ಸಹಿತ ಅವು ಉಚಿತವಾಗಿಯೂ ದೊರೆಯುತ್ತವೆ. ಖಾಸಗಿ ಪ್ರಕಾಶಕರ ಮಾದರಿ ಪತ್ರಿಕೆಗಳಲ್ಲಿ ಇಂತಿಷ್ಟು ಸರಿಯುತ್ತರ ಬಂದರೆ ಉತ್ತೀರ್ಣರೆಂದು ಹಾಕಿಕೊಡುವ ಲೆಕ್ಕವನ್ನು ಮಾತ್ರ ಎಚ್ಚರದಿಂದ ಸ್ವೀಕರಿಸಬೇಕು: ಪರೀಕ್ಷೆಯ ಅಂಕ ಸರಿಯುತ್ತರಗಳ ನೇರ ಎಣಿಕೆಯಲ್ಲ, ಬೇರೆ ಬೇರೆ ಬಾರಿಯ ಪತ್ರಿಕೆಗಳ ಕಾಠಿಣ್ಯವನ್ನು ಸರಿದೂಗಿಸಿ ಒಂದೇ ಅಳತೆಗೆ ತಂದ ಮಾಪಿತ ಅಂಕ. ಅಧಿಕೃತ ಸಂಗ್ರಹಗಳು ಎರಡೇ ಇರುವುದರಿಂದ ಒಂದನ್ನು ಅಭ್ಯಾಸದ ಮೊದಲಲ್ಲೇ ಬಿಡಿಸಿ ಯಾವ ವಿಭಾಗ ದುರ್ಬಲವೆಂದು ಕಂಡುಕೊಂಡು ಅದಕ್ಕೆ ತಕ್ಕ ಪುಸ್ತಕ ಕೊಳ್ಳುವುದು, ಇನ್ನೊಂದನ್ನು ಮುಟ್ಟದೆ ಇಟ್ಟು ಪರೀಕ್ಷೆಗೆ ಕೆಲವು ವಾರಗಳ ಮುಂಚೆ, ಗಡಿಯಾರ ಮುಂದಿಟ್ಟುಕೊಂಡು ಒಂದೇ ಕೂತದ್ದರಲ್ಲಿ ಬಿಡಿಸುವುದು ಹೆಚ್ಚು ಪ್ರಯೋಜನಕರ.