ತುಂಬೆಯ ಬಿಳುಪು, ತಂಗಡಿಯ ಹಳದಿ: ಕಾಡುಹೂಗಳ ಸಮೀಪಚಿತ್ರಣ ಬೆಳೆದ ಬಗೆ

ಕಾಡುಹೂವಿನ ಸಮೀಪಚಿತ್ರದಲ್ಲಿ ಚೌಕಟ್ಟಿನ ಆಯ್ಕೆಯನ್ನೂ ಬೆಳಕಿನ ಆಯ್ಕೆಯನ್ನೂ ಬಿಡಿಸಿ ನೋಡಲು ಬರುವುದಿಲ್ಲ. ಅಪರ್ಚರ್ ಕಿರಿದಾದಷ್ಟೂ ಎಸಳುಗಳು ಸ್ಪಷ್ಟವಾಗುತ್ತವೆ, ಆದರೆ ಹಿಂದಿನ ಹುಲ್ಲುಕಡ್ಡಿಯೂ ಎದ್ದು ಕಾಣುತ್ತದೆ. ಶಟರ್ ನಿಧಾನವಾಗುತ್ತದೆ, ಅಷ್ಟರಲ್ಲಿ ಹೂ ಅಲುಗುತ್ತದೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿದ ಜಲಾಶಯದ ದಂಡೆಯಂಥ ಬಯಲಿನಲ್ಲಿ ಬಿಸಿಲೇರಿ ಗಾಳಿ ಏಳುವ ಮೊದಲೇ ಕೆಲಸ ಮುಗಿಯಬೇಕು. ಈ ಸೀಮೆಯ ಬದುಗಳಲ್ಲಿ, ಕೆರೆ ಏರಿಗಳಲ್ಲಿ ಬೆಳೆಯುವ ತುಂಬೆ, ವಿಷ್ಣುಕ್ರಾಂತಿ, ತಂಗಡಿ, ನೆಗ್ಗಿಲುಗಳಲ್ಲಿ ಒಂದೊಂದೂ ಕ್ಯಾಮೆರಾಕ್ಕೆ ಒಂದೊಂದು ಬಗೆಯ ಸವಾಲು.

ಬಹುಕಾಲ ಈ ಕೆಲಸ ಕುಂಚ, ಲೇಖನಿಗಳದಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಚೆಲುವಯ್ಯ ರಾಜು ಸಸ್ಯಗಳ ಬಣ್ಣದ ಚಿತ್ರ ಬರೆದರು. ಬಿ.ಜಿ.ಎಲ್. ಸ್ವಾಮಿ ‘ಹಸುರು ಹೊನ್ನು’ ಕೃತಿಗೆ ತಾವೇ ರೇಖಾಚಿತ್ರ ಬರೆದುಕೊಂಡರು. ಬೇಡದ ಎಲೆಯನ್ನು ಬಿಟ್ಟು ಬೇಕಾದ ಕೇಸರವನ್ನು ಎತ್ತಿ ತೋರಿಸುವ ಸ್ವಾತಂತ್ರ್ಯ ಚಿತ್ರಕಾರನಿಗಿತ್ತು. ಕ್ಯಾಮೆರಾ ಹಿಡಿದವನಿಗೆ ಆ ಸ್ವಾತಂತ್ರ್ಯ ಇಲ್ಲ. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ 1928ರಲ್ಲಿ ಪ್ರಕಟಿಸಿದ ಸಸ್ಯಚಿತ್ರಗಳಲ್ಲಿ ಕತ್ತರಿಸಿ ತಂದ ಕುಡಿ, ಮೊಗ್ಗುಗಳು ಬರಿಯ ಹಿನ್ನೆಲೆಯ ಮುಂದೆ ನಿಂತಿವೆ. ಅವುಗಳ ಆಕಾರ ಅದ್ಭುತ, ಆದರೆ ಅವು ಬೆಳೆದ ನೆಲದ ಸುಳಿವಿಲ್ಲ.

ಕರ್ನಾಟಕದಲ್ಲಿ ನಿಸರ್ಗ ಛಾಯಾಗ್ರಹಣ ಹಬ್ಬಿದ್ದು ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಎಂ.ವೈ. ಘೋರ್ಪಡೆ ಅವರಂಥವರಿಂದ. ಅವರ ಹೆಸರು ಉಳಿದಿರುವುದು ಹಕ್ಕಿ, ಪ್ರಾಣಿಗಳ ಚಿತ್ರಗಳಿಂದ. ವಿಜ್ಞಾನಿಯ ಕಣ್ಣನ್ನೂ ಕ್ಯಾಮೆರಾವನ್ನೂ ಕನ್ನಡ ಬರವಣಿಗೆಯನ್ನೂ ಒಟ್ಟಿಗೆ ತಂದವರು ಹೊನ್ನಾವರದ ಕೃಷ್ಣಾನಂದ ಕಾಮತ್ (1934–2002). ಗಿಡವನ್ನು ಗುರುತಿಸಬಲ್ಲವನಿಗೆ ಅದರ ಯಾವ ಭಾಗ ಚೌಕಟ್ಟಿನಲ್ಲಿ ಇರಲೇಬೇಕು ಎಂಬುದು ಗೊತ್ತಿರುತ್ತದೆ. ಈ ಪ್ರಕಾರಕ್ಕೆ ಲೆನ್ಸಿಗಿಂತ ದೊಡ್ಡ ಬಂಡವಾಳ ಅದೇ.

ಫಿಲ್ಮಿನ ಕಾಲದಲ್ಲಿ ಲೆಕ್ಕವೇ ದೊಡ್ಡ ತೊಡಕು. ಬೆಲ್ಲೋಸ್ ಅಥವಾ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿ ಹೂವನ್ನು ಅದರ ನಿಜ ಗಾತ್ರದಲ್ಲೇ ಫಿಲ್ಮಿನ ಮೇಲೆ ಮೂಡಿಸಿದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ ಎರಡು ಸ್ಟಾಪ್ ಹೆಚ್ಚಿಗೆ ಕೊಡಬೇಕು. ಕೈಯಲ್ಲಿ ಹಿಡಿಯುವ ಮೀಟರ್‌ಗೆ ಇದು ತಿಳಿಯದು. 1963ರ ಟಾಪ್‌ಕಾನ್, 1964ರ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಕ್ಯಾಮೆರಾಗಳು ಲೆನ್ಸಿನ ಮೂಲಕ ಬಂದ ಬೆಳಕನ್ನೇ ಅಳೆಯತೊಡಗಿದ ಮೇಲೆ ಆ ಗುಣಾಕಾರ ತಪ್ಪಿತು. ಬಣ್ಣದ ತೊಡಕು ಮಾತ್ರ ಉಳಿಯಿತು. ಕಣ್ಣಿಗೆ ಕಾಣದ ಕಡುಗೆಂಪು ಕಿರಣಗಳನ್ನು ಕೆಲವು ನೀಲಿ ಹೂಗಳು ಪ್ರತಿಫಲಿಸುತ್ತವೆ. ಫಿಲ್ಮ್ ಅದನ್ನು ಹಿಡಿದು ನೀಲಿಯನ್ನು ನಸುಗೆಂಪಾಗಿ ತೋರಿಸುತ್ತಿತ್ತು.

ಮೀಟರ್ ಎಷ್ಟೇ ಸುಧಾರಿಸಿದರೂ ಬಿಳಿ ಹೂವಿನ ಮುಂದೆ ಅದು ಎಡವುತ್ತದೆ. ಶಿವಪೂಜೆಗೆ ಸಲ್ಲುವ ತುಂಬೆಯ ಹೂ ಸುಮಾರು ಒಂದು ಸೆಂಟಿಮೀಟರ್ ಉದ್ದ. ಮೇಲ್ದುಟಿಯ ತುಂಬ ಉಣ್ಣೆಯಂಥ ನವಿರು ರೋಮ, ಕೆಳದುಟಿ ಅಗಲಕ್ಕೆ ಚಾಚಿದ ಹಾಲುಬಿಳುಪು. ಮೀಟರ್ ಅಳೆಯುವ ಜಾಗವನ್ನೆಲ್ಲ ಹೂವೇ ತುಂಬಿದ್ದರೆ ಬಿಳುಪು ಬೂದುಬಣ್ಣಕ್ಕೆ ತಿರುಗುತ್ತದೆ, ಒಂದರಿಂದ ಒಂದೂವರೆ ಸ್ಟಾಪ್ ಏರಿಸಬೇಕು. ಅದೇ ಹೂ ನೆರಳಿನ ಕಡುಹಸಿರಿನ ನಡುವೆ ಪುಟ್ಟದಾಗಿ ನಿಂತಿದ್ದರೆ ಮೀಟರ್ ಕತ್ತಲನ್ನು ನಂಬಿ ಬಿಳುಪನ್ನು ಸುಟ್ಟುಬಿಡುತ್ತದೆ, ಆಗ ಇಳಿಸಬೇಕು. ಮೊದಲು ಮಾಯವಾಗುವುದು ಆ ರೋಮಗಳೇ. ಅವು ಎಣಿಸುವಷ್ಟು ಉಳಿದಿದ್ದರೆ ಎಕ್ಸ್‌ಪೋಷರ್ ಸರಿಯಿದೆ ಎಂದು ಧೈರ್ಯವಾಗಿ ಹೇಳಬಹುದು.

ತಂಗಡಿಯ ಹಳದಿಗೆ ಡಿಜಿಟಲ್ ಯುಗ ಹೊಸ ಕಷ್ಟ ತಂದಿತು. ಹಳದಿಯಲ್ಲಿ ಕೆಂಪು, ಹಸಿರು ತುಂಬಿರುತ್ತವೆ, ನೀಲಿ ತೀರ ಕಡಿಮೆ. ಒಟ್ಟು ಹಿಸ್ಟೋಗ್ರಾಮ್ ಸರಿಯೆಂದು ತೋರುವಾಗಲೇ ಕೆಂಪು ವಾಹಿನಿ ತುಂಬಿ ಹರಿದು, ಎಸಳಿನ ನರಗಳು ಅಳಿಸಿಹೋಗಿರುತ್ತವೆ. ಮೂರು ಬಣ್ಣಗಳ ಹಿಸ್ಟೋಗ್ರಾಮನ್ನು ಬೇರೆ ಬೇರೆಯಾಗಿ ನೋಡುವುದೊಂದೇ ದಾರಿ.

ವಿಷ್ಣುಕ್ರಾಂತಿಯ ಹೂ ಒಂದು ಸೆಂಟಿಮೀಟರಿಗೂ ಚಿಕ್ಕದು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಅದನ್ನು ನಿಜ ಗಾತ್ರದಲ್ಲಿ ಹಿಡಿದಾಗ ಎಫ್/8ರಲ್ಲಿ ಸ್ಪಷ್ಟವಾಗುವ ಆಳ ಒಂದು ಮಿಲಿಮೀಟರಿನಷ್ಟೂ ಇಲ್ಲ. ಎಫ್/16ಕ್ಕೆ ಹೋದರೆ ಆಳ ಇಮ್ಮಡಿಯಾಗುತ್ತದೆ, ಆದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ತುಸು ಮೆತ್ತಗಾಗುತ್ತದೆ. ಹಲವು ಚಿತ್ರಗಳನ್ನು ಬೆಸೆಯುವ ಫೋಕಸ್ ಸ್ಟ್ಯಾಕಿಂಗ್ ಈ ಕೊರತೆಯನ್ನು ತುಂಬಿದೆ, ಹೂ ಅಲುಗದಿದ್ದರೆ ಮಾತ್ರ. ನಿಸರ್ಗ ವಿಭಾಗದ ಸ್ಪರ್ಧೆಗಳಿಗೆ ಎಫ್‌ಐಎಪಿ ಮತ್ತಿತರ ಅಂತರರಾಷ್ಟ್ರೀಯ ಸಂಸ್ಥೆಗಳು ಒಪ್ಪಿದ ವ್ಯಾಖ್ಯೆ ಈ ತಂತ್ರಕ್ಕೆ ಅವಕಾಶ ಕೊಡುತ್ತದೆ. ತೋಟದಲ್ಲಿ ಬೆಳೆಸಿದ ಹೂವಿಗೆ ಅಲ್ಲಿ ಜಾಗವಿಲ್ಲ. ಬೇಲಿಸಾಲಿನ ಹೂವಿಗೆ ಇದರಿಂದ ಬಂದ ಗೌರವ ಸಣ್ಣದಲ್ಲ.

ಚೌಕಟ್ಟಿನ ರುಚಿಯೂ ಬದಲಾಗುತ್ತಿದೆ. ಕರಗಿದ ಹಿನ್ನೆಲೆಯಲ್ಲಿ ಒಂಟಿ ಹೂ ನಿಲ್ಲಿಸುವುದು ಬಹುಕಾಲ ಮಾದರಿಯಾಗಿತ್ತು. ಈಗ ಅಗಲಕೋನದ ಲೆನ್ಸನ್ನು, ಕೆಲವೊಮ್ಮೆ ಮೊಬೈಲನ್ನೇ ನೆಲಕ್ಕೆ ತಾಗಿಸಿ ಹೂವಿನೊಂದಿಗೆ ಮಣ್ಣು, ಹಿಂದಿನ ನೀರು, ಆಕಾಶವನ್ನೂ ತೋರಿಸುವ ಕ್ರಮ ಬಂದಿದೆ. ಇಲ್ಲಿ ಆಕಾಶಕ್ಕೆ ಹೊಂದಿಸಿದರೆ ಹೂ ಕಪ್ಪಾಗುತ್ತದೆ. ಹೂವಿನ ನೆರಳುಬದಿಗೆ ಬಿಳಿ ಕಾಗದ ಹಿಡಿದು ಬೆಳಕು ತಿರುಗಿಸಿದರೆ ಎರಡೂ ಉಳಿಯುತ್ತವೆ. ಹೂ ಕೀಳದೆ, ಸುತ್ತಲ ಹುಲ್ಲು ಕತ್ತರಿಸದೆ, ಅಡ್ಡ ಬಂದ ಕಡ್ಡಿಯನ್ನು ಮೆಲ್ಲಗೆ ಬಾಗಿಸಿ ಮತ್ತೆ ಬಿಟ್ಟರೆ ಸಾಕು.